ಹಾವಿನ ಹೊಟ್ಟೆಯ ಕೆಳಗಿನ ಬಿಸಿ

ನಾನು ಓದಿದ ಕಾನ್ವೆಂಟಿನಲ್ಲಿ ಹೊಟ್ಟೆಯಿಂದ ಕೆಳಗಿನ ಯಾವ ಸಂಗತಿಯನ್ನೂ ಬಾಯಿಬಿಟ್ಟು ಹೇಳುವಂತಿರಲಿಲ್ಲ. ಕಿರುಬೆರಳೆತ್ತಿ ನಿಂತು, 'ಮೇ ಐ ಬಿ ಎಕ್ಸ್‌ಕ್ಯೂಸ್ಡ್, ಸಿಸ್ಟರ್?' ಎನ್ನಬೇಕು. ಸಿಸ್ಟರ್ ತಲೆಯಾಡಿಸಿದರೆ ಓಡಬೇಕು. ಇಲ್ಲದಿದ್ದರೆ ಗಂಟೆ ಬಾರಿಸುವ ತನಕ ಕಾಲಿಗೆ ಕಾಲು ಹೆಣೆದುಕೊಂಡು ಕೂರಬೇಕು. ಆ ಶಿಸ್ತು ಮೈಗೆ ಎಷ್ಟು ಹತ್ತಿತ್ತೆಂದರೆ, ಮದುವೆಯಾಗಿ ಬೀದರಿಗೆ ಬಂದ ಮೇಲೆ ಅತ್ತೆಯ ಮನೆಯವರು ಊಟದ ಹೊತ್ತಿನಲ್ಲೇ 'ಇವತ್ತ ಹೊಟ್ಟಿ ಸಾಫ್ ಆಗಿಲ್ಲ' ಎಂದು ಮಾತಾಡುವುದನ್ನು ಕೇಳಿ ನನ್ನ ಕೈಯ ತುತ್ತು ಕೈಯಲ್ಲೇ ಉಳಿದಿತ್ತು.

ಅಂಥ ನಾನು ಎಪ್ಪತ್ತು ದಾಟಿದ ಮೇಲೆ, ಬೆಳಿಗ್ಗೆ ಎದ್ದು ಚಹಾಕ್ಕೆ ನೀರಿಡುವ ಮೊದಲೇ, ಒಂದು ಹಾವಿನ ಮರಿ ಎರಡಕ್ಕೆ ಹೋಗಿದೆಯೋ ಇಲ್ಲವೋ ಎಂದು ಕನ್ನಡಕ ಹಾಕಿಕೊಂಡು ನೋಡುವವಳಾದೆ.

ಹಾವು ನನ್ನದಲ್ಲ, ಮೊಮ್ಮಗಳದ್ದು. ಅವಳು ಔರಾದಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ದಿನವಿಡೀ ಊರ ಮಂದಿಯ ರಕ್ತ, ಮಲ, ಮೂತ್ರ ನೋಡುವ ಕೆಲಸ. ನನ್ನ ಮಗಳು, ಅಂದರೆ ಅವಳ ತಾಯಿ, ಭಾಲ್ಕಿಯಲ್ಲಿ ಸಾಲಿ ಟೀಚರ್. ಹುಡುಗಿ ಹಾವು ತಂದ ದಿನ ಮಗಳು ಬಾಗಿಲಲ್ಲೇ ತಡೆದು ನಿಲ್ಲಿಸಿದ್ದಳಂತೆ: 'ಈ ಮನಿಯೊಳಗ ಅದರೆ ಇರಬೇಕು, ಇಲ್ಲಾ ನಾನರೆ ಇರಬೇಕು.' ಔರಾದಿನ ರೂಮಿನ ಮಾಲೀಕರು ಬೆಕ್ಕನ್ನೇ ಒಪ್ಪದವರು. ಹಾಗಾಗಿ ಡಬ್ಬಿ ಬೀದರಿನ ಮೈಲೂರಿಗೆ, ನಮ್ಮ ಮನೆಯ ಹಿಂದಿನ ಕೋಣೆಯ ಮೇಜಿಗೆ ಬಂತು.

'ಅಜ್ಜಿ, ಇದನ್ನ ನೀ ಇಟ್ಕೋತಿಯೇನು? ಶನಿವಾರ ಐತವಾರ ನಾ ಬಂದು ನೋಡ್ಕೋತೇನಿ. ನೀ ಏನೂ ಮಾಡೋದು ಬ್ಯಾಡ, ಬರೇ ನೋಡಿದ್ರ ಸಾಕು.'

ಚಿಕ್ಕಂದಿನಿಂದಲೂ ಯಾರ ಹತ್ತಿರವೂ ಏನನ್ನೂ ಕೇಳದ ಹುಡುಗಿ ಅವಳು. ಹಬ್ಬಕ್ಕೆ ಯಾವ ಬಟ್ಟೆ ಬೇಕೆಂದರೆ 'ಯಾವುದರೆ ಆಗಲಿ' ಎನ್ನುವಳು. ಮೊದಲ ಸಲ ಕೈಚಾಚಿ ಕೇಳಿದ್ದು ಇದು. ನಾನು ಹೂಂ ಎನ್ನದೆ ಇನ್ನೇನು ಮಾಡಲಿ?

ಕಿರುಬೆರಳಿನಷ್ಟು ದಪ್ಪ, ಬಿಚ್ಚಿ ಹಾಸಿದರೆ ಮೊಳದಷ್ಟೂ ಇಲ್ಲ. ಕಿತ್ತಳೆ ಬಣ್ಣದ ಮೈಮೇಲೆ ಇಟ್ಟಿಗೆ ಬಣ್ಣದ ಮಚ್ಚೆಗಳು. ವಿಷವಿಲ್ಲ. ಕಾರ್ನ್ ಸ್ನೇಕ್ ಅಂತೆ, ನಮ್ಮ ದೇಶದ್ದಲ್ಲ, ಸಾಕಲು ಸರಕಾರದ ಪರ್ಮಿಷನ್ ಕೂಡ ಅವಳ ಬಳಿ ಇತ್ತು. ತೂತು ಕೊರೆದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಹಾಸಿದ ಟಿಶ್ಯೂ ಪೇಪರ್, ಒಂದು ಮೂಲೆಯಲ್ಲಿ ನೀರಿನ ಬಟ್ಟಲು, ಇನ್ನೊಂದು ಮೂಲೆಯಲ್ಲಿ ಬೋರಲು ಹಾಕಿದ ಅರ್ಧ ಕರಟ. ಆ ಕರಟದ ಕೆಳಗೆ ಅದು ಸುರುಳಿ ಸುತ್ತಿ ಮಲಗಿರುತ್ತಿತ್ತು. ಡಬ್ಬಿಯ ಅರ್ಧ ಭಾಗದ ಅಡಿಯಲ್ಲಿ ಕರಿಯ ರಬ್ಬರಿನಂಥ ಒಂದು ಹೀಟಿಂಗ್ ಮ್ಯಾಟ್. ಅದರ ವೈರು ಗೋಡೆಯ ಸ್ವಿಚ್ಚಿಗೆ.

'ಅಜ್ಜಿ, ನಮ್ಮ ಹೊಟ್ಟ್ಯಾಗ ನಮ್ಮದೇ ಬೆಂಕಿ ಅದ,' ಎಂದು ಅವಳು ನನಗೆ ಪಾಠ ಹೇಳಿದಳು. 'ಇದಕ್ಕ ಆ ಬೆಂಕಿ ಇಲ್ಲ. ಹೊರಗಿಂದ ಕೊಡಬೇಕು. ಕೆಳಗ ಬಿಸಿ ಇದ್ರ ತಿಂದದ್ದು ಕರಗ್ತದ. ಇಲ್ಲಂದ್ರ ಒಳಗೇ ಕೊಳೀತದ. ತಿಂದ ಮ್ಯಾಲ ಎರಡು ದಿನ ಯಾರೂ ಮುಟ್ಟಬಾರದು. ನಾಕೈದು ದಿನಕ್ಕ ಎರಡಕ್ಕ ಹೋಗ್ತದ, ಪಾಟಿ. ಕಂದು ಇರ್ತದ, ಜೋಡಿಗಿ ಸುಣ್ಣದಂಥ ಬಿಳೀದು ಇರ್ತದ. ಆ ಬಿಳೀದು ಅದರ ಮೂತ್ರ. ಎರಡೂ ಕೂಡೇ ಬರ್ತಾವು. ಫೋಟೋ ತಗದು ಕಳಿಸು.'

'ಯಾವುದರದು?'

'ಅದರದೇ.'

ನನ್ನ ಯಜಮಾನರು ಪೇಪರಿನ ಹಿಂದಿನಿಂದ ಅಂದರು: 'ನಾ ಎಷ್ಟು ವರ್ಷ ಆತು ಇಸಬಗೋಲ್ ಕುಡೀಲಾಕತ್ತು. ಈ ಮನ್ಯಾಗ ಯಾರರೆ ನನ್ನದೊಂದು ಫೋಟೋ ಕೇಳ್ಯಾರೇನು?'

ಅದರ ಊಟ ಇಲಿಮರಿ. ಕೂದಲು ಸಹ ಮೂಡದ, ಹೆಬ್ಬೆರಳಿನ ತುದಿಯಷ್ಟು ಗುಲಾಬಿ ಮರಿಗಳು. ಹೈದರಾಬಾದಿನಿಂದ ಐಸಿನಲ್ಲಿಟ್ಟು ತರಿಸಿದವು. ತತ್ತಿಯೂ ಹೊಸ್ತಿಲು ದಾಟದ ನಮ್ಮ ಮನೆಯ ಫ್ರಿಜ್ಜಿನ ಐಸ್ ಖಾನೆಯಲ್ಲಿ, ಹಳೆಯ ಐಸ್‌ಕ್ರೀಮ್ ಡಬ್ಬಿಯೊಳಗೆ, ಮೂರು ಪ್ಲಾಸ್ಟಿಕ್ ಚೀಲ ಸುತ್ತಿಸಿಕೊಂಡು ಅವು ಮಲಗಿದ್ದವು. ಮೊದಮೊದಲು ಹಾಲು ತೆಗೆಯಲು ಹೋದಾಗಲೆಲ್ಲ ಕಣ್ಣು ಬೇರೆ ಕಡೆ ತಿರುಗಿಸುತ್ತಿದ್ದೆ. ಆಮೇಲೆ ಅದೂ ರೂಢಿಯಾಯಿತು. ಯಾವುದು ರೂಢಿಯಾಗುವುದಿಲ್ಲ?

ಶ್ರಾವಣ ಬಂತು. ಪಂಚಮಿಗೆ ಮುಂಚಿನ ಐತವಾರ ಮೊಮ್ಮಗಳು ಬಂದು, ಬೆಚ್ಚಗಿನ ನೀರಿನಲ್ಲಿ ಒಂದು ಇಲಿಮರಿ ನೆನೆಹಾಕಿ, ಚಿಮಟದಲ್ಲಿ ಹಿಡಿದು ತಿನ್ನಿಸಿ, ಸಂಜೆಯ ಬಸ್ಸಿಗೆ ಔರಾದಿಗೆ ಹೋದಳು. ಹಾವಿನ ನಡುಮೈಯಲ್ಲಿ ಹುಣಸೆಬೀಜದಷ್ಟು ಉಬ್ಬು. 'ಲೆಟ್ ಹಿಮ್ ಬಿ, ಅಜ್ಜಿ,' ಎಂದು ಬಸ್ಸಿನ ಕಿಟಕಿಯಿಂದಲೂ ಹೇಳಿದಳು.

ಮರುದಿನ ಸಾಯಗಾಂವದಿಂದ ನನ್ನ ನಾದಿನಿ ಬಂದಳು. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರಬೇಕು. ವಯಸ್ಸು ಎಷ್ಟಾದರೇನು, ಅವಳ ಅಣ್ಣ ಇರುವ ಮನೆಯೇ ಅವಳ ತವರು. ಚೀಲದಲ್ಲಿ ಶೇಂಗಾ ಉಂಡಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ. ಬಂದವಳೇ ಡಬ್ಬಿಯ ಮುಂದೆ ಕೂತಳು.

'ಅಯ್ಯ, ಪಂಚಮಿಗಿ ನಾಗಪ್ಪನೇ ಮನಿಗಿ ಬಂದು ಕೂತಾನಲ್ರಿ ವೈನಿ!' ಸೆರಗು ತಲೆಗೆಳೆದುಕೊಂಡಳು. ಸ್ವಲ್ಪ ಹೊತ್ತು ಕೈಮುಗಿದಳು. ಆಮೇಲೆ ಮುಖವನ್ನು ಹತ್ತಿರ ತಂದು, ಕೂಸಿಗೆ ಮಾತಾಡಿಸುವ ದನಿಯಲ್ಲಿ, 'ಎಷ್ಟು ಸಣ್ಣದದ ನೋಡ್ರಿ. ಇದರ ತಾಯಿ ಎಲ್ಲಿ ಅದಾಳೋ ಏನೋ,' ಎಂದಳು. ಅದು ದೇವರೋ ಕೂಸೋ ಎಂಬುದನ್ನು ಅವಳು ಕೊನೆಯವರೆಗೂ ತೀರ್ಮಾನಿಸಲಿಲ್ಲ.

ನನಗಿದ್ದ ಭಯ ಒಂದೇ, ಹಾಲು. ಮೊಮ್ಮಗಳು ಫೋನಿನಲ್ಲಿ ಸಹ ಎಚ್ಚರಿಸಿದ್ದಳು: 'ಸಾಯಗಾಂವ ಅಜ್ಜಿ ಹಾಲು ಕುಡಿಸ್ಯಾಳು, ನೋಡ್ಕೋ.' ನಾದಿನಿಗೆ ಮೊದಲೇ ಹೇಳಿಬಿಟ್ಟೆ, ಈ ಹಾವಿನ ಹೊಟ್ಟೆಗೆ ಹಾಲು ಆಗುವುದಿಲ್ಲ ಎಂದು. ಅವಳು ಮಾತು ಮೀರಲಿಲ್ಲ. ಪಂಚಮಿಯ ದಿನ ಮಣ್ಣಿನ ನಾಗಪ್ಪನಿಗೆ ಮಾತ್ರ ಎರೆದಳು. 'ಅಣ್ಣನ ಪಾಲು, ವೈನಿ ಪಾಲು' ಎಂದು ಒಬ್ಬೊಬ್ಬರ ಹೆಸರಿನಲ್ಲಿ ಬೆಲ್ಲದ ಹಾಲು ಹಾಕುತ್ತ ಕಡೆಗೆ, 'ಡಬ್ಬ್ಯಾಗಿನ ಕೂಸಿನ ಪಾಲು' ಎಂದು ಒಂದು ಚಮಚ ಸೇರಿಸಿದಳು. ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು.

ಆ ದಿನ ಒಲೆಯ ಮೇಲೆ ಹಂಚು ಇಡುವಂತಿಲ್ಲ. ಹಂಚು ಕಾದರೆ ನಾಗಪ್ಪನ ಹೆಡೆ ಸುಡುತ್ತದೆ ಎಂಬ ನಂಬಿಕೆ. ರೊಟ್ಟಿ ಇಲ್ಲ, ಕುದಿಸಿದ ಕಡಬು ಮಾತ್ರ. ಬಿಸಿ ರೊಟ್ಟಿ ಇಲ್ಲದೆ ಊಟವೇ ಇಳಿಯದ ನಮ್ಮವರು ಗೊಣಗುತ್ತ, 'ಗ್ಯಾಸಿನ ಬೆಂಕಿ ನಾಗಪ್ಪಗ ಹ್ಯಾಂಗ ಹತ್ತತದ, ಹೇಳು?' ಎಂದರು. 'ಸುಮ್ಮ ಉಣ್ಣು ಅಣ್ಣಾ, ವರ್ಷಕ್ಕ ಒಂದು ದಿನ,' ಎಂದು ಅವಳು ಇನ್ನೊಂದು ಕಡಬು ಬಡಿಸಿದಳು. ಹೊರಗೆ ಜಿಟಿಜಿಟಿ ಮಳೆ. ಶಾಲು ಹೊದ್ದುಕೊಳ್ಳುವಷ್ಟು ತಂಪು. ನಾನು ಆಗಾಗ ಹೋಗಿ ಡಬ್ಬಿಯನ್ನು ನೋಡಿ ಬರುತ್ತಿದ್ದೆ. ಹಾಲಿನ ಬಟ್ಟಲು ಎಲ್ಲೂ ಕಾಣುತ್ತಿರಲಿಲ್ಲ. ಸಮಾಧಾನವಾಗುತ್ತಿತ್ತು.

ಅದಾದ ಮರುದಿನದ ಬೆಳಿಗ್ಗೆ ಆ ಕೋಣೆಯ ಬಾಗಿಲು ತೆರೆದರೆ ವಾಸನೆ. ಡಬ್ಬಿಯ ಟಿಶ್ಯೂ ಪೇಪರ್ ಮೇಲೆ ಏನೋ ಬೂದು ಬಣ್ಣದ ಮುದ್ದೆ. ನನ್ನ ಹಿಗ್ಗು ಕೇಳಬೇಡಿ. ಯಜಮಾನರನ್ನು ಕೂಗಿದೆ, ನಾದಿನಿಯನ್ನು ಕೂಗಿದೆ. ಫೋನಿನಲ್ಲಿ ಫೋಟೋ ತೆಗೆದು ಕಳಿಸಿದೆ. ಜೊತೆಗೆ ಬರೆದೆ: 'ನಂಬರ್ ಟೂ ಡನ್! ಗುಡ್ ಬಾಯ್!'

ಫೋನ್ ಕೂಡಲೇ ರಿಂಗಾಯಿತು.

'ಅಜ್ಜಿ, ಅದು ಪಾಟಿ ಅಲ್ಲ.'

'ಮತ್ತೇನದು?'

'ಬಿಳೀದು ಎಲ್ಲಿ ಅದ ಅದರಾಗ? ಜರಾ ಹತ್ತಿರ ಹೋಗಿ ನೋಡು. ಅದು ಇಲಿನೇ. ಅರ್ಧಾ ಕರಗಿದ್ದು ಹೊರಗ ಹಾಕ್ಯದ. ವಾಂತಿ. ಅಜ್ಜಿ, ಮ್ಯಾಟ್ ಮ್ಯಾಲ ಕೈ ಇಡು.'

ಇಟ್ಟೆ. ಮಳೆಗಾಲದ ಅಂಗಳದ ಪರಸಿಕಲ್ಲಿನ ಹಾಗೆ ತಣ್ಣಗಿತ್ತು. ಸ್ವಿಚ್ ನೋಡಿದೆ. ಆರಿತ್ತು.

ನಾದಿನಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನನ್ನ ಹಿಂದೆಯೇ ನಿಂತಿದ್ದಳು. 'ಅದಾ? ಅದನ್ನ ನಾನೇ ಬಂದ್ ಮಾಡೀನ್ರಿ ವೈನಿ,' ಎಂದಳು, ಒಳ್ಳೆಯ ಕೆಲಸ ಮಾಡಿದವರು ಹೇಳುವ ದನಿಯಲ್ಲಿ. 'ಪಂಚಮಿ ದಿನ ಒಲಿ ಮ್ಯಾಲ ಹಂಚು ಇಡೂದಿಲ್ಲ ನಾವು, ನಾಗಪ್ಪನ ಹೊಟ್ಟಿ ಕೆಳಗೇ ಕರೆಂಟಿನ ಹಂಚು ಇಟ್ಟು ಕೂಡೂದೇನ್ರಿ? ಸಣ್ಣ ಕೂಸು ಅದು. ನಸಕಿನಾಗೇ ಬಂದ್ ಮಾಡ್ದೆ. ಹಬ್ಬ ಮುಗದ ಮ್ಯಾಲ ಹಚ್ಚಬೇಕಂದಿದ್ದೆ. ಮರತು ಹೋತು ನೋಡ್ರಿ.'

ಫೋನ್ ಸ್ಪೀಕರಿನ ಮೇಲಿತ್ತು. ಔರಾದಿನಲ್ಲಿ ಹುಡುಗಿ ಎಲ್ಲವನ್ನೂ ಕೇಳಿಸಿಕೊಂಡಳು. ನಮ್ಮ ಮುಖಗಳನ್ನು ನೋಡಿ ನಾದಿನಿಗೆ ಅರ್ಥವಾಗತೊಡಗಿತು. 'ಯಾಕ್ರಿ? ಏನಾತ್ರಿ?' ಎಂದಳು. ನಾನು ಹೇಳಿದೆ. ಇದರ ಹೊಟ್ಟೆಗೆ ಒಳಗೆ ಬೆಂಕಿ ಇಲ್ಲ, ಕೆಳಗಿನ ಬಿಸಿಯೇ ಇದರ ಜಠರಾಗ್ನಿ, ಅದು ಆರಿದ್ದಕ್ಕೆ ತಿಂದದ್ದು ಕರಗದೆ ಹೊರಗೆ ಬಂತು ಎಂದು. ಅವಳು ನೆಲಕ್ಕೆ ಕೂತಳು.

ಫೋನಿನಿಂದ ಮೊಮ್ಮಗಳ ದನಿ ಬಂತು. ಕೋಪದ ದನಿಯಾಗಿದ್ದರೆ ನನಗೆ ಸಹಿಸಲು ಸುಲಭವಾಗುತ್ತಿತ್ತು. ಲ್ಯಾಬಿನಲ್ಲಿ ರೋಗಿಗೆ ಹೇಳುವ ದನಿ ಅದು. 'ಸ್ವಿಚ್ ಹಚ್ಚು. ಪೇಪರ್ ಬದಲಿ ಮಾಡು. ನೀರು ಇಡು. ಎರಡು ವಾರ ಏನೂ ತಿನ್ನಿಸೋದಿಲ್ಲ, ಅದರ ಒಳಗ ಎಲ್ಲಾ ಸುಟ್ಟಂಗ ಆಗಿರ್ತದ. ಈಗ ತಿನ್ನಿಸಿದ್ರ ಮತ್ತ ಹೊರಗ ಹಾಕ್ತದ. ಇನ್ನೊಮ್ಮೆ ಹಾಕಿದ್ರ ಉಳಿಯೋದು ಕಷ್ಟ, ಅಜ್ಜಿ. ಮರಿ ಅದು.'

'ನೀ ಬರ್ತೀಯೇನು?'

'ರಜಾ ಇಲ್ಲ. ಬಂದು ಏನ್ ಮಾಡ್ಲಿ? ಮಾಡೋದು ಏನೂ ಇಲ್ಲ,' ಎಂದಳು.

ಮಾಡೋದು ಏನೂ ಇಲ್ಲ. ನನ್ನ ಆಯುಷ್ಯದಲ್ಲಿ ನನಗೆ ಎಂದೂ ಬಾರದೆ ಉಳಿದ ಕೆಲಸ ಅದೊಂದೇ. ಮನೆಗೆ ಬಂದ ಯಾರನ್ನೂ ಉಣ್ಣಿಸದೆ ಕಳಿಸಿದವಳಲ್ಲ ನಾನು. ಈಗ ನಮ್ಮದೇ ಕೋಣೆಯಲ್ಲಿ ಒಂದು ಜೀವ ಹಸಿದು ಕೂತಿದೆ, ಅದರ ಊಟ ಫ್ರಿಜ್ಜಿನಲ್ಲೇ ಇದೆ, ಕೊಟ್ಟರೆ ಸಾಯುತ್ತದೆ. ಕೊಡದೆ ನೋಡುತ್ತ ಕೂರಬೇಕು. ದಿನ ಕಳೆದಂತೆ ಅದರ ಬೆನ್ನ ಮೇಲೆ ಸಣ್ಣಗೆ ಏಣು ಕಾಣತೊಡಗಿತು. ಕರಟ ಎತ್ತಿದರೆ ತಲೆಯೆತ್ತಿ, ನಾಲಿಗೆ ಚಾಚಿ, ನನ್ನ ಬೆರಳಿನತ್ತ ಬರುತ್ತಿತ್ತು. ಬೆರಳಲ್ಲಿ ಏನಿದೆ? ಮುಚ್ಚಿ ಇಟ್ಟುಬಿಡುತ್ತಿದ್ದೆ.

ನಾದಿನಿ ಸಾಯಗಾಂವಕ್ಕೆ ಹೋಗಲಿಲ್ಲ. 'ಇದು ತಿಂದು ದಕ್ಕಿಸಿಕೊಳ್ಳೂ ತನ ನಾ ಹೋಗೂದಿಲ್ಲ,' ಎಂದು ಒಪ್ಪತ್ತು ಹಿಡಿದಳು. ಮಧ್ಯಾಹ್ನ ಒಂದು ಊಟ, ಅಷ್ಟೇ. ನಮ್ಮವರು, 'ಒಳಗೊಂದು ಉಪವಾಸ, ಹೊರಗೊಂದು ಉಪವಾಸ. ನಡುವ ನಾ ಒಬ್ಬಾಂವ ಹ್ಯಾಂಗ ಉಣ್ಣಲಿ?' ಎಂದು ಎರಡೇ ರೊಟ್ಟಿಗೆ ಏಳತೊಡಗಿದರು.

ಒಂದು ದಿನ ನೋಡುತ್ತೇನೆ, ಅವಳು ವೀಳ್ಯದೆಲೆಗೆ ಔಡಲೆಣ್ಣೆ ಹಚ್ಚಿ ದೀಪದ ಮೇಲೆ ಕಾಸಿ ಹಿಡಿದುಕೊಂಡು ಡಬ್ಬಿಯ ಹತ್ತಿರ ನಿಂತಿದ್ದಾಳೆ.

'ಏನ್ ಮಾಡ್ಲಾಕತ್ತೀ?'

'ಹೊಟ್ಟಿ ಮ್ಯಾಲ ಜರಾ ಇಡ್ತೇನ್ರಿ ವೈನಿ. ತಿಕ್ಕೂದಿಲ್ಲ. ಬರೇ ಇಡ್ತೇನಿ.'

ಆ ಎಲೆಯನ್ನು ನಾನು ಗುರುತಿಸಿದೆ. ನನ್ನ ಮಗಳು ಹಸುಗೂಸಾಗಿದ್ದಾಗ ಹೊಟ್ಟೆನೋವಿಗೆ ಇಡೀ ದಿನ ಚೀರುತ್ತಿದ್ದಳು. ಕಾನ್ವೆಂಟ್ ನನಗೆ ಪಿಯಾನೋ ಕಲಿಸಿತ್ತು, ಕ್ರೋಷೆ ಕಲಿಸಿತ್ತು, ಸಣ್ಣ ಕೂಸಿನ ಹೊಟ್ಟೆಯ ಬಗ್ಗೆ ಒಂದು ಮಾತನ್ನೂ ಕಲಿಸಿರಲಿಲ್ಲ. ನಾನು ತೊಟ್ಟಿಲ ಪಕ್ಕ ಅಳುತ್ತ ನಿಂತರೆ, ಇನ್ನೂ ಮದುವೆಯಾಗದಿದ್ದ ಈ ನಾದಿನಿಯೇ ಹೀಗೆ ಎಲೆ ಕಾಸಿ ಆ ಪುಟ್ಟ ಹೊಟ್ಟೆಯ ಮೇಲೆ ಇಟ್ಟಿದ್ದಳು. ಕೂಸು ಅವಳ ಕೈ ಕೆಳಗೇ ನಿದ್ದೆ ಹೋಗಿತ್ತು. ನನ್ನ ಮಗಳನ್ನು ಬೆಳೆಸಿದ್ದು ಆ ಕೈ. ಇಂದು ಅದೇ ಕೈಯನ್ನು ನಾನು ಹಿಡಿದು ತಡೆಯಬೇಕಾಗಿತ್ತು.

'ಬ್ಯಾಡವ್ವ,' ಎಂದೆ. 'ಮುಟ್ಟಬಾರದು ಅಂದಾಳ.'

'ಬಿಸಿ ಬೇಕಂದ್ರಲ್ಲ?'

'ಇದರ ಬಿಸಿ ಬ್ಯಾರೆ.'

ಅವಳು ಎಲೆಯನ್ನು ಕೈಯಲ್ಲೇ ಹಿಡಿದುಕೊಂಡು ತಣಿಯುವ ತನಕ ನಿಂತಿದ್ದಳು. ಆಮೇಲೆ ತನ್ನ ಮೊಣಕಾಲಿಗೆ ಹಚ್ಚಿಕೊಂಡಳು. 'ವಾಯುವಿಗರೆ ಆಗಲಿ,' ಎಂದಳು.

ತಡೆಯಲಾರದೆ ಒಮ್ಮೆ ದನದ ಡಾಕ್ಟರೊಬ್ಬರಿಗೆ ಫೋನ್ ಮಾಡಿದೆ. ಒಳ್ಳೆಯ ಮನುಷ್ಯ, ಪೂರ್ತಿ ಕೇಳಿಸಿಕೊಂಡರು. 'ಅಮ್ಮಾರ, ನಾವು ಎಮ್ಮಿ, ಆಡು, ಕುರಿ ನೋಡೋರು. ಎಮ್ಮಿ ಮೆಲುಕು ಹಾಕಲಿಲ್ಲಂದ್ರ ಏನ್ ಮಾಡಬೇಕು ಗೊತ್ತದ. ಹಾವು ಮೆಲುಕೇ ಹಾಕಬಾರದಂದ್ರ ನಾ ಏನ್ ಹೇಳ್ಲಿ? ನಿಮ್ಮ ಮೊಮ್ಮಗಳು ಹೇಳಿದ್ದೇ ಬರೋಬ್ಬರಿ ಅದ. ಕಾಯ್ರಿ,' ಎಂದರು.

ಕಾದೆವು. ಸಂಜೆ ಕರೆಂಟು ಹೋದರೆ ನಾವಿಬ್ಬರೂ ಎದ್ದು ನಿಲ್ಲುತ್ತಿದ್ದೆವು. ರಬ್ಬರಿನ ಚೀಲಕ್ಕೆ ಬಿಸಿನೀರು ತುಂಬಿ, ಟವೆಲ್ ಸುತ್ತಿ ಡಬ್ಬಿಯ ಕೆಳಗೆ ಇಡುವುದು, ಕರೆಂಟು ಬಂದರೆ ತೆಗೆಯುವುದು. ಇಷ್ಟು ಮಾಡಲು ಮೊಮ್ಮಗಳ ಒಪ್ಪಿಗೆ ಸಿಕ್ಕಿತ್ತು. ಆ ಚೀಲ ಹೊರುವಾಗ ಮಾತ್ರ ನಾದಿನಿಯ ಮುಖಕ್ಕೆ ಸ್ವಲ್ಪ ಜೀವ ಬರುತ್ತಿತ್ತು. ಕರೆಂಟು ಹೋಗಲಿ ಎಂದು ಅವಳು ಬೇಡಿಕೊಳ್ಳುತ್ತಿದ್ದಳೋ ಏನೋ.

ನಡುವಿನ ಐತವಾರಗಳಲ್ಲಿ ಡ್ಯೂಟಿ ಎಂದು ಬಾರದೇ ಇದ್ದ ಮೊಮ್ಮಗಳು ಎರಡು ವಾರ ಕಳೆದ ಮೇಲೆ ಬಂದಳು. ಯಾರ ಮೇಲೂ ರೇಗಲಿಲ್ಲ. ಸಾಯಗಾಂವ ಅಜ್ಜಿಯ ಕಾಲಿಗೆ ಎರಗಿದಳು, 'ಯಾಕ ಇಷ್ಟು ಸೊರಗೀರಿ?' ಎಂದು ಕೇಳಿದಳು. ಇಲಿಮರಿಯನ್ನು ಕತ್ತರಿಸಿ ಅರ್ಧ ತುಂಡು ಮಾತ್ರ ಚಿಮಟದಲ್ಲಿ ಹಿಡಿದಳು. ಹಾವು ಬಹಳ ಹೊತ್ತು ನೋಡಿತು. ನಾವು ಮೂವರು ಮುದುಕರು ಬಾಗಿಲಲ್ಲಿ ಉಸಿರು ಹಿಡಿದು ನಿಂತಿದ್ದೆವು. ಕಡೆಗೆ ಬಾಯಿ ತೆರೆದು ಹಿಡಿದುಕೊಂಡಿತು. ನಾದಿನಿ ನನ್ನ ಮುಂಗೈಯನ್ನು ಎಷ್ಟು ಬಿಗಿಯಾಗಿ ಅವುಚಿದ್ದಳೆಂದರೆ ಬಳೆಯ ಗುರುತು ಉಳಿಯಿತು.

ತಿನ್ನುವುದು ದೊಡ್ಡದಲ್ಲ, ದಕ್ಕುವುದು ದೊಡ್ಡದು ಎಂದು ಈಗ ನಮಗೆಲ್ಲ ಗೊತ್ತಿತ್ತು. ಮೊಮ್ಮಗಳು ಹೊರಟಳು. ಮತ್ತೆ ಕಾಯುವುದು. ಬಾಗಿಲು ತೆರೆಯುವಾಗ ಮೊದಲು ಮೂಗು ಒಡ್ಡುತ್ತಿದ್ದೆ, ಆ ವಾಸನೆ ಇದೆಯೇ ಎಂದು. ಇರಲಿಲ್ಲ. ಮರುದಿನವೂ ಇರಲಿಲ್ಲ. ಉಬ್ಬು ಇಳಿಯುತ್ತ ಹಿಂದಕ್ಕೆ ಸರಿಯಿತು. ಆದರೆ ಕಾಗದ ಸ್ವಚ್ಛವಾಗಿಯೇ ಉಳಿಯಿತು. ಒಂದು ಚಿಂತೆ ಹೋಗಿ ಇನ್ನೊಂದು ಬಂತು, ಒಳಗೆ ಕಟ್ಟಿಕೊಂಡಿತೇ?

ಕಡೆಗೊಂದು ಬೆಳಿಗ್ಗೆ ಕರಟದ ಪಕ್ಕದಲ್ಲಿ, ಬಟಾಣಿಗಿಂತ ಸಣ್ಣದು, ಕಂದುಬಣ್ಣದ್ದು. ಅದರ ಅಂಚಿನಲ್ಲಿ ಬಿಳುಪು. ಕೂಗಲು ಧೈರ್ಯವಾಗಲಿಲ್ಲ. ಒಮ್ಮೆ ಮೋಸಹೋಗಿದ್ದೆನಲ್ಲ. ಭೂತಗನ್ನಡಿ ತಂದು ನೋಡಿದೆ. ನಾದಿನಿ ಬಂದು ಬಗ್ಗಿದಳು.

'ಬಿಳೀದು ಅದ ಏನ್ರಿ?'

'ಅದ.'

'ವಿಭೂತಿ ಹಂಗ ಅದ ನೋಡ್ರಿ ವೈನಿ,' ಎಂದವಳೇ ಬಾಯಿಗೆ ಸೆರಗು ಒತ್ತಿಕೊಂಡಳು. ನಕ್ಕಳೋ ಅತ್ತಳೋ ತಿಳಿಯಲಿಲ್ಲ. ಫೋಟೋ ಕಳಿಸಿದೆ. ಏನೂ ಬರೆಯಲಿಲ್ಲ, ಬರೇ ಫೋಟೋ. ಔರಾದಿನಿಂದ ಉತ್ತರ ಬಂತು: 'ಹಾಂ ಅಜ್ಜಿ. ಇದು ಅದೇ.'

ನಾದಿನಿ ಆ ಮಧ್ಯಾಹ್ನ ಹೊಟ್ಟೆತುಂಬ ಉಂಡು ಸಾಯಗಾಂವದ ಬಸ್ಸು ಹತ್ತಿದಳು.

ಮುಂದಿನ ಶನಿವಾರ ಮೊಮ್ಮಗಳು ಬಂದಾಗ ಅವಳ ಕೈಯಲ್ಲಿ ಖಾಲಿ ರಟ್ಟಿನ ಪೆಟ್ಟಿಗೆ ಇತ್ತು. ನೋಡಿದ ಕೂಡಲೇ ನನಗೆ ತಿಳಿಯಿತು.

'ಹೊಸಾ ರೂಮ್ ಹಿಡದೀನಿ ಅಜ್ಜಿ. ಮಾಲೀಕರು ಹೂಂ ಅಂದಾರ,' ಎಂದಳು, ನನ್ನ ಮುಖ ನೋಡದೆ. 'ಸಿಟ್ಟಿಲ್ಲ ನಂಗ. ಖರೇನೇ ಇಲ್ಲ. ಹಬ್ಬ ಹುಣ್ಣಿಮಿ ಬರ್ತಾನೇ ಇರ್ತಾವು, ಮಂದಿ ಬರ್ತಿರ್ತಾರ. ನಿನಗೂ ತಕಲೀಫ್.'

ನನಗೇನು ತಕಲೀಫ್, ಸ್ವಿಚ್ಚಿನ ಮೇಲೆ ಟೇಪ್ ಹಚ್ಚಿಡುತ್ತೇನೆ, ಇಲ್ಲೇ ಇರಲಿ ಬಿಡು, ಎನ್ನಬೇಕೆನ್ನಿಸಿತು. ತಪ್ಪು ಯಾರದೆಂದು ಹೇಳಲಾರೆ. ಪ್ರೀತಿಯಿಂದ ಆರಿಸಿದ ಸ್ವಿಚ್ ಅದು. ಜೀವಮಾನದಲ್ಲಿ ಒಂದೇ ಒಂದು ಸಲ ಏನನ್ನೋ ಕೇಳಿದ ಹುಡುಗಿ ಅದನ್ನು ವಾಪಸು ತೆಗೆದುಕೊಂಡು ಹೋಗುತ್ತಿದ್ದಳು. ನಾನು ಮ್ಯಾಟಿನ ವೈರು ಸುತ್ತಿ ಕೊಟ್ಟೆ, ಐಸ್‌ಕ್ರೀಮ್ ಡಬ್ಬಿಗೆ ಐಸ್ ತುಂಬಿ ಕೊಟ್ಟೆ. ಕರಟವನ್ನೂ ಒರೆಸಿ ಕೊಟ್ಟೆ.

ಈಗಲೂ ಬೆಳಿಗ್ಗೆ ಎದ್ದ ಕೂಡಲೇ ಕಾಲು ಆ ಕೋಣೆಯ ಕಡೆಗೆ ಹೋಗುತ್ತದೆ. ಮೇಜಿನ ಮೇಲೆ ಡಬ್ಬಿಯಿದ್ದ ಜಾಗಕ್ಕೆ ಅಂಗೈ ಇಟ್ಟು ನೋಡುತ್ತೇನೆ. ಹಲಗೆ ತಣ್ಣಗಿರುತ್ತದೆ.

ಆದರೆ ಒಂದು ಇದೆ. ಅವಳು ಹಿಂದಿನಂತೆಯೇ ಮಾತು ಕಡಿಮೆ, ಫೋನು ಕಡಿಮೆ. ತನ್ನದೊಂದು ಫೋಟೋ ಕಳಿಸೆಂದರೆ 'ಯಾಕಜ್ಜಿ?' ಎನ್ನುತ್ತಾಳೆ. ಹೀಗಿದ್ದರೂ ವಾರಕ್ಕೊಮ್ಮೆ ಔರಾದಿನಿಂದ ಒಂದು ಫೋಟೋ ಬರುತ್ತದೆ, ಟಿಶ್ಯೂ ಪೇಪರ್ ಮೇಲಿನ ಕಂದು ಚುಕ್ಕೆಯದ್ದು. ಓರಗೆಯ ಅಜ್ಜಿಯರಿಗೆ ಮೊಬೈಲಿನಲ್ಲಿ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಬರುತ್ತದೆ, ನನಗೆ ಇದು. ಎರಡು ಬೆರಳಿನಿಂದ ದೊಡ್ಡದು ಮಾಡಿ, ಬಿಳುಪು ಹುಡುಕಿ, ಸಿಕ್ಕ ಮೇಲೆ ಸಾಯಗಾಂವಕ್ಕೆ ಫಾರ್ವರ್ಡ್ ಮಾಡುತ್ತೇನೆ. ಬರೆಯಲು ಬಾರದ ನಾದಿನಿ ವಾಯ್ಸ್ ಮೆಸೇಜ್ ಕಳಿಸುತ್ತಾಳೆ. ಹಿಂದೆ ಅವಳ ಮನೆಯ ಕುರಿಗಳ ಸದ್ದು, ಮೊಮ್ಮಕ್ಕಳ ಗಲಾಟೆ, ಅವುಗಳ ಮೇಲಿಂದ ಅವಳ ದೊಡ್ಡ ದನಿ:

'ನೋಡ್ದೆನ್ರಿ ವೈನಿ. ಛಲೋ ಆಗ್ಯದ. ಕೆಳಗ ಬಿಸಿ ಅದ ಏನು ಕೇಳ್ರಿ ಆಕಿಗಿ.'